ರೊಟ್ಟಿಯ ಸಪ್ಪಳ ನಿಲ್ಲಿಸಿದ ಸುದ್ದಿ

ಶಾಂತಕ್ಕಾ, ನಿಮ್ಮ ರೊಟ್ಟಿ ವ್ಯಾಪಾರ ಮುಳುಗಿಸಿದವನು ನಾನು. ಕಾಲ ಅಲ್ಲ, ಮಂದಿ ಅಲ್ಲ — ನೀವು 'ತಮ್ಮಾ' ಎಂದು ಕರೆದು ಉಣ್ಣಿಸಿದ ನಾನು. ಇಪ್ಪತ್ತು ವರ್ಷ ಈ ಮಾತು ನುಂಗಿಕೊಂಡೇ ಬಂದೆ. ಈಗ ಬರೆಯಲು ಕೂತಿದ್ದೇನೆ.

ಏನು ದಿನಗಳವು! ದಿಲ್‌ಸುಖ್‌ನಗರದ ನಮ್ಮ ಓಣಿಗೆ ವಾರಕ್ಕೊಂದು ಹೊಸ ಬೈಕ್ ಬರುತ್ತಿತ್ತು. ಕನ್ನಡದ ಮನೆಗಳಿಗೆಲ್ಲ ನಿಮ್ಮದೇ ಜೋಳದ ರೊಟ್ಟಿ. ನೀವು, ನಿಂಗಮ್ಮ, ಕಾಶೀಬಾಯಿ — ಮೂವರೂ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೇ ಹಸಿವಾಗುತ್ತಿತ್ತು.

ಒಂದು ಶುಕ್ರವಾರ ನನ್ನ ಸಾಫ್ಟ್‌ವೇರ್ ಕಂಪನಿಯಲ್ಲಿ ನಮ್ಮ ತಂಡದವರ ಐಡಿ ಕಾರ್ಡುಗಳನ್ನೆಲ್ಲ ವಾಪಸ್ ತೆಗೆದುಕೊಂಡರು. ಕಾರಣ ಕೇಳುವ ತಾಳ್ಮೆ ನನಗೆಲ್ಲಿ! ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಾರೆ ಎಂದೇ ನಂಬಿಬಿಟ್ಟೆ. ಶನಿವಾರ ಓಣಿಯ ಭಜನೆಯಲ್ಲಿ ಹೇಳಿಯೇಬಿಟ್ಟೆ: ನಮ್ಮನ್ನೆಲ್ಲ ಕೆಲಸದಿಂದ ತೆಗೆಯುತ್ತಿದ್ದಾರೆ, ಇವತ್ತು ನಮ್ಮ ಕಂಪನಿ, ನಾಳೆ ನಿಮ್ಮದು. ತಾಳ ನಿಂತವು. ಎಲ್ಲರೂ ನನ್ನನ್ನೇ ನೋಡಿದರು — ಹೇಳಲು ನಾಚಿಕೆ, ಅಕ್ಕಾ, ನನಗೆ ಒಳಗೊಳಗೇ ಖುಷಿಯಾಯಿತು.

ಮರುದಿನವೇ ಒಬ್ಬರು ಹೊಸ ಫ್ರಿಜ್ ಬೇಡವೆಂದರು. ಇನ್ನೊಬ್ಬರು ಹೊಲಿಯಲು ಕೊಟ್ಟ ಬಟ್ಟೆ ವಾಪಸ್ ತಂದರು. ಮನೆಯಲ್ಲೇ ಅನ್ನ ಮಾಡಿಕೊಂಡರಾಯಿತು ಎಂದು ಒಂದೊಂದೇ ಮನೆ ನಿಮ್ಮ ರೊಟ್ಟಿ ಬಿಟ್ಟಿತು.

ಸೋಮವಾರ ಹೊಸ ಕಾರ್ಡ್ ಕೈಗೆ ಬಂತು. ನಮ್ಮನ್ನು ಬೇರೆ ಕಟ್ಟಡಕ್ಕೆ ಕಳಿಸುತ್ತಿದ್ದರು, ಅಷ್ಟೇ! ಕುಣಿದುಬಿಟ್ಟೆ. ಆ ಕಂಪನಿಯಲ್ಲಿ ನಮ್ಮ ಓಣಿಯವನು ನಾನೊಬ್ಬನೇ. ನಾನು ಹೇಳಿದರೆ ಮಾತ್ರ ಉಳಿದವರಿಗೆ ತಿಳಿಯುವುದು. ಹೇಳಬೇಕೆಂದೇ ಬಂದೆ — ಬಾಗಿಲಲ್ಲಿ ನೀವಿದ್ದಿರಿ.

"ನೌಕರಿ ಉಳೀತೇನು, ತಮ್ಮಾ?"

"ಇನ್ನೂ ಗೊತ್ತಾಗಿಲ್ರಿ, ಅಕ್ಕಾ."

ಕಾರ್ಡ್ ಕಿಸೆಯಲ್ಲಿತ್ತು. ಎಲ್ಲರೂ ಹುಚ್ಚನೆಂದು ನಕ್ಕಾರು ಎಂದು — ಅಷ್ಟಕ್ಕೇ, ಅಕ್ಕಾ, ಅಷ್ಟಕ್ಕೇ!

"ಗೊತ್ತಾಗೂತನಕ ನಮ್ಮಲ್ಲೇ ಉಣ್ಣು, ರೊಕ್ಕ ಬ್ಯಾಡ. ನಾಚ್ಕೋಬ್ಯಾಡ."

ಉಂಡೆ. ದಿನಾ ಕೆಲಸಕ್ಕೆ ಹೋಗುತ್ತಲೇ, 'ಇನ್ನೂ ಗೊತ್ತಾಗಿಲ್ಲ' ಎನ್ನುತ್ತಲೇ ತಿಂಗಳು ಪೂರ್ತಿ ಉಂಡೆ. ಮೊದಲು ಕಾಶೀಬಾಯಿಯನ್ನು ಕೆಲಸದಿಂದ ಬಿಡಿಸಿದಿರಿ, ಆಮೇಲೆ ನಿಂಗಮ್ಮನನ್ನು. ನಿಂಗಮ್ಮ ಅಳುತ್ತ ಹೊರಟಾಗ ನಾನು ತಾಟಿನ ಮುಂದೆ ಕೂತಿದ್ದೆ. ಬಾಯಿ ಬಿಡಲಿಲ್ಲ. ಕೊನೆಗೆ ನೀವೂ ಕಾಚಿಗೂಡದಲ್ಲಿ ರೈಲು ಹತ್ತಿ ರಾಯಚೂರಿನ ಮಗಳ ಮನೆ ಸೇರಿದಿರಿ. ಓಣಿಯ ಸಾಫ್ಟ್‌ವೇರ್‌ನವರಲ್ಲಿ ಒಬ್ಬರ ಕೆಲಸವೂ ಹೋಗಲಿಲ್ಲ. ಹೋಗಬಹುದೆಂಬ ಹೆದರಿಕೆಗೇ ನಿಮ್ಮ ಮೂವರ ಕೆಲಸ ಹೋಯಿತು.

ಇದನ್ನು ಬರೆದು ಅಂಚೆಗೆ ಹಾಕಿ ಕೈತೊಳೆದುಕೊಳ್ಳುವುದಿಲ್ಲ. ನಾಡಿದ್ದು ರಾಯಚೂರಿಗೆ ಬರುತ್ತಿದ್ದೇನೆ. ಬಂದವರಿಗೆ ಮೊದಲು ತಾಟು ಹಾಕುವುದು ನಿಮ್ಮ ರೂಢಿ — ನನಗೆ ಹಾಕಬೇಡಿ, ಅಕ್ಕಾ. ನಿಮ್ಮೆದುರು ನಿಂತು ಬಾಯಿಬಿಟ್ಟು ಹೇಳುತ್ತೇನೆ, ಹೊರಗೇ ನಿಲ್ಲಿಸಿ ಕೇಳಿ.