ಕೊನೆಯವನು ಬರುವ ತನಕ

ಸಂಜೆ ದೀಪ ಹಚ್ಚಿ ಕಡ್ಡಿ ಆರಿಸುವುದಕ್ಕೂ ಬಾಗಿಲ ಬೆಲ್ ಆಗುವುದಕ್ಕೂ ಸರಿಹೋಯಿತು. ತೆರೆದರೆ ಪಕ್ಕದ ಬ್ಲಾಕಿನ ಮಿರೆನ್. ಜೊತೆಗೆ ಇಬ್ಬರು ಸ್ನೇಹಿತರು. ಮೂವರಿಗೂ ಕಿತ್ತಳೆ ಬಣ್ಣದ ಅಂಗಿ. ಒಬ್ಬನ ಹೆಗಲ ಮೇಲೆ ಬಾವುಟ ಬೇರೆ.

"ಮಮಾ, ನಮ್ಮಲ್ಲಿ ಕರೆಂಟಿಲ್ಲ. ಸ್ವಲ್ಪ ಹೊತ್ತು ನಿಮ್ಮ ಟಿವಿ ನೋಡಬಹುದಾ?"

ಸ್ವಲ್ಪ ಹೊತ್ತಂತೆ. ಟಿವಿ ನೋಡಲು ಬಂದವರು ಯಾರಾದರೂ ಸ್ವಲ್ಪ ಹೊತ್ತಿಗೆ ಎದ್ದಿದ್ದುಂಟೆ?

ಮಿರೆನ್ ಇಲ್ಲೇ ನೈರೋಬಿಯ ಪರಿಹಾರ ಸಂಸ್ಥೆಯೊಂದರಲ್ಲಿದ್ದಾಳೆ. ಇಲ್ಲಿನವರಂತೆ ಹಿರಿಯ ಹೆಂಗಸರನ್ನು ಮಮಾ ಎನ್ನುತ್ತಾಳೆ. ಬಾಸ್ಕ್ ಹುಡುಗಿ. (ಸ್ಪೇನ್‌ನವಳು ಎಂದರೆ ಮುಖ ಸಣ್ಣದಾಗುತ್ತದೆ. ಸ್ಪೇನ್, ಫ್ರಾನ್ಸ್ ಗಡಿಬೆಟ್ಟಗಳ ಜನ, ಅವರದೇ ಭಾಷೆ.) ಅವರಿಗೆ ಸೈಕಲ್ ರೇಸ್ ಎಂದರೆ ನಮಗೆ ಕ್ರಿಕೆಟ್ ಇದ್ದಂತೆ, ಕಿತ್ತಳೆ ಅಂಗಿ ಅವರ ಅಭಿಮಾನಿಗಳ ಗುರುತು. ಮಿರೆನ್‌ಳ ತಮ್ಮ ಜೋಸು ಫ್ರಾನ್ಸಿನ ಆ ದೊಡ್ಡ ರೇಸಿನಲ್ಲಿದ್ದಾನೆ. ಗೆಲ್ಲಲು ಅಲ್ಲ, ತಂಡದ ನಾಯಕನಿಗೆ ನೀರಿನ ಬಾಟಲಿ ಹೊತ್ತು ಕೊಡಲು. ಹಿಂದಿನ ದಿನ ಬಿದ್ದು ಮೊಣಕೈ ತರಚಿಕೊಂಡಿದ್ದ. ಗೆದ್ದವನು ಮುಟ್ಟಿದ ಮೇಲೆ ಇಂತಿಷ್ಟು ಸಮಯದೊಳಗೆ ಅವನೂ ಬೆಟ್ಟ ಹತ್ತಿ ಮುಟ್ಟಬೇಕು. ಇಲ್ಲದಿದ್ದರೆ ರೇಸಿನಿಂದಲೇ ಹೊರಗೆ.

ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು ನಾನು. ನಿಯಮ ಕೇಳಿ ಸಂತೋಷವೇ ಆಯಿತು. ಸಮಯ ಎಂದ ಮೇಲೆ ಸಮಯ.

ಆದರೆ ಆ ಜನ? ಟಿವಿಯಲ್ಲಿ ಬೆಟ್ಟದ ರಸ್ತೆ ತುಂಬ ಕಿತ್ತಳೆ ಅಂಗಿಗಳು. ಸೈಕಲ್ ಮೈಮೇಲೆ ಬರುವ ತನಕ ದಾರಿ ಬಿಡುವುದಿಲ್ಲ. ಬಾವುಟ ಹಿಡಿದು ಪಕ್ಕದಲ್ಲೇ ಓಡುತ್ತಾರೆ. ಇಲ್ಲಿನ ಕಸರಾನಿ ಸ್ಟೇಡಿಯಂನಲ್ಲಿ ನಾನೂ ಓಟ ನೋಡಿದ್ದೇನೆ. ಜನ ತಮ್ಮ ಜಾಗದಲ್ಲಿ ಕೂತಿರುತ್ತಾರೆ.

"ಇವರನ್ನೆಲ್ಲ ಯಾರೂ ಆಚೆ ಕಳಿಸಲ್ವೇನಮ್ಮಾ?" ಎಂದೆ.

"ಅಲ್ಲಿ ನಮ್ಮಪ್ಪನೂ ಇದಾರೆ ಮಮಾ," ಎಂದಳು ಮಿರೆನ್.

ನನ್ನ ಮಗಳು ಸುಮಾ ಅಡುಗೆಮನೆಯಿಂದ ಕಣ್ಣು ಬಿಟ್ಟಳು. "ಅಮ್ಮಾ, ಸುಮ್ನಿರು. ಒಂದು ದಿನ ಅಡ್ಜಸ್ಟ್ ಮಾಡ್ಕೋ."

ಯಾರೋ ಗೆದ್ದ. ಸರಿ, ಮುಗಿಯಿತೆಂದು ರಿಮೋಟ್ ಎತ್ತಿಕೊಂಡೆ. ಮೂವರೂ ಒಟ್ಟಿಗೆ "ನೋ ನೋ" ಎಂದರು. ಅವರಿಗೆ ರೇಸ್ ಶುರುವಾಗಿದ್ದೇ ಆಗ.

ಟಿವಿಯವರಿಗೆ ಮಾತ್ರ ಮುಗಿದಿತ್ತು. ಗೆದ್ದವನು ನೀರು ಕುಡಿದ, ತೋರಿಸಿದರು. ಮುಖ ಒರೆಸಿಕೊಂಡ, ತೋರಿಸಿದರು. ಹಲ್ಲು ಬಿಟ್ಟ, ಅದನ್ನು ಮತ್ತೆ ಮತ್ತೆ ತೋರಿಸಿದರು. ಆಮೇಲೆ ಫುಟ್‌ಬಾಲ್ ಚರ್ಚೆಗೆ ಹೋದರು. ಬೆಟ್ಟದ ಮೇಲೆ ಇನ್ನೂ ಅಷ್ಟು ಮಂದಿ ಏದುಸಿರು ಬಿಡುತ್ತಿರುವಾಗ ಸ್ಟುಡಿಯೋದಲ್ಲಿ ಕೋಟು ತೊಟ್ಟವರ ಹರಟೆಯೇ? ಚಾನೆಲ್‌ಗಳನ್ನೆಲ್ಲ ಒತ್ತಿ ನೋಡಿದೆ. ಎಲ್ಲೂ ಇಲ್ಲ. ಒಳಗೆ ಸಾರು ಉಕ್ಕಿತು. ಉಕ್ಕಲಿ.

"ಹುಡುಗ ಎಲ್ಲಿದ್ದಾನೆ ಅಂತ ನಿಮ್ಮಪ್ಪನ್ನ ಕೇಳು," ಎಂದೆ.

ವಿಡಿಯೋ ಕಾಲ್ ಸಿಕ್ಕಿತು. ಇಲ್ಲಿ ಕತ್ತಲು, ಅಲ್ಲಿ ಇನ್ನೂ ಬಿಸಿಲು. ಕ್ಯಾಮೆರಾ ಗಾಡಿಗಳು ಹೋಗಿದ್ದವು, ಕಿತ್ತಳೆ ಅಂಗಿಗಳು ಒಂದೂ ಕದಲಿರಲಿಲ್ಲ. ಯಾವ ದೇಶದವನು ಹಿಂದುಳಿದು ಬಂದರೂ ಅದೇ ಕೂಗು, ಅದೇ ಚಪ್ಪಾಳೆ.

ಕಡೆಯ ಗುಂಪು ಬಂತು. ಮಿರೆನ್ ಅಪ್ಪ ಫೋನ್ ಹಿಡಿದೇ ಓಡತೊಡಗಿದರು. ಕಂಡದ್ದು ರಸ್ತೆ, ಆಕಾಶ, ಯಾರದೋ ಹೊಟ್ಟೆ.

"ಫೋನ್ ನೆಟ್ಟಗೆ ಹಿಡೀರಿ ಸ್ವಾಮಿ," ಎಂದು ನಾನೇ ಗದರಿದೆ. ಅವರಿಗೆ ಕನ್ನಡ ಬಾರದು. ಆದರೂ ಹಿಡಿದರು.

ಜೋಸು ಕಂಡ. ಒಂದು ಕ್ಷಣ. ಬಾಯಿ ತೆರೆದಿತ್ತು, ಮೊಣಕೈಯ ಪಟ್ಟಿ ಸಡಿಲವಾಗಿ ಜೋತಾಡುತ್ತಿತ್ತು.

ಮುಟ್ಟಬೇಕಾದ ಗೆರೆ ಇನ್ನೂ ಮೇಲಿತ್ತು. ಮಿರೆನ್ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ಸಮಯ ಎಂದ ಮೇಲೆ ಸಮಯ ಎಂದುಕೊಂಡಿದ್ದ ನಾನೇ, ಇನ್ನೊಂಚೂರು ಬಿಡಬಾರದೆ ಎಂದುಕೊಳ್ಳುತ್ತಿದ್ದೆ.

ಬಾವುಟದವನ ಫೋನಿಗೆ ಫಲಿತಾಂಶ ಬಂತು. "ಸಮಯದ ಒಳಗೆ," ಎಂದ. ಮಿರೆನ್ ನನ್ನ ಭುಜಕ್ಕೆ ಮುಖ ಒತ್ತಿ ಅತ್ತಳು.

ಅಂದರೆ ಜೋಸು ನಾಳೆಯೂ ಸೈಕಲ್ ಹತ್ತುತ್ತಾನೆ. ಇವರು ನಾಳೆಯೂ ಬರುತ್ತಾರೆ. ದೀಪ ಹಚ್ಚುವ ಮೊದಲೇ ಬನ್ನಿ, ಚಪ್ಪಲಿ ಹೊರಗೆ ಬಿಡಿ ಎಂದಿದ್ದೇನೆ.

ಆದರೂ ಒಂದು ಕೇಳುತ್ತೇನೆ. ಅಷ್ಟು ದೊಡ್ಡ ತಂಡ, ಹಿಂದೆ ಮುಂದೆ ಕಾರು, ಜೊತೆಗೊಬ್ಬ ಡಾಕ್ಟರು. ನೀರು ಹೊರುವ ಹುಡುಗನ ಮೊಣಕೈಗೆ ಒಂದು ಪಟ್ಟಿ ಬಿಗಿಯಾಗಿ ಕಟ್ಟಲು ಯಾರಿಗೂ ಪುರುಸೊತ್ತಿರಲಿಲ್ಲವೇ?