ನನ್ನ ಕಣ್ಣಿನ ಮೇಲೆ ಬಂದ ಆರೋಪ

ಕಾರವಾರದ ಅಂಗಡಿಯವರು ನನಗೆ ಮಾಡಿದ ಅನ್ಯಾಯ ಇದು: ತಾವು ತಪ್ಪಾಗಿ ಹೊಂದಿಸಿದ ಮಾನಿಟರಿನ ದೋಷವನ್ನು ನನ್ನ ಕಣ್ಣಿನ ಮೇಲೆ ಹೊರಿಸಿದರು.

ನಿವೃತ್ತಿಯ ನಂತರ ಕಾರ್ ರೇಸಿನ ಆಟ ನನ್ನ ಚಟ. ಅದಕ್ಕೆಂದೇ ಸೆಕೆಂಡಿಗೆ ನೂರ ನಲವತ್ತನಾಲ್ಕು ಸಲ ಚಿತ್ರ ಬದಲಿಸುವ ಮಾನಿಟರ್ ಕೊಂಡೆ. ಅಂಗಡಿಯ ಮೆಕ್ಯಾನಿಕ್ ಅಂಕೋಲೆಯ ನಮ್ಮ ಮನೆಗೆ ಬಂದು ಜೋಡಿಸಿ ಹೋದ. ಆದರೂ ಆಟದಲ್ಲಿ ರಸ್ತೆ ಬದಿಯ ಫಲಕಗಳು ಮಸುಕಾಗಿ, ಬಾಲ ಎಳೆದುಕೊಂಡೇ ಓಡುತ್ತಿದ್ದವು. ಫೋನ್ ಮಾಡಿದೆ.

"ಅಜ್ಜಾರೇ, ಸ್ಕ್ರೀನ್ ಬರೋಬ್ಬರಿ ಅದೆ. ನಿಮ್ಮ ಕಣ್ಣೇ ಒಂದ್ಸಲ ತೋರಿಸ್ಕಳಿ," ಎಂದು ಮಾಲೀಕರು ನಕ್ಕರು.

ಸ್ಪೀಕರಿನಲ್ಲಿ ಅದನ್ನು ಕೇಳಿಸಿಕೊಂಡ ಹೆಂಡತಿ ನನ್ನ ಸ್ಕೂಟರಿನ ಕೀಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. "ಬೋರ್ಡೇ ಕಾಣ್ದವ್ರಿಗೆ ಎದುರು ಬರೋ ಲಾರಿ ಕಾಣ್ತದ್ಯಾ?" ಎಂದಳು. ಅಂದಿನಿಂದ ಹಾರವಾಡಕ್ಕೆ ಮೀನು ತರಲು ಹೋಗುವುದಕ್ಕೂ ಬಸ್ಸು ಕಾಯಬೇಕಾಯಿತು.

ನನ್ನ ಸಂಶಯ ಮಾತ್ರ ಹೋಗಲಿಲ್ಲ. ಅಂಗಳದಿಂದಲೇ ಬಸ್ಸಿನ ಬೋರ್ಡ್ ಓದುವ ಕಣ್ಣು ಪರದೆಯೆದುರು ಸೋಲುವುದೇಕೆ? ಒಂದು ಬೆಳಿಗ್ಗೆ ಸೆಟ್ಟಿಂಗ್‌ಗಳನ್ನು ಸಾಲು ಸಾಲಾಗಿ ಓದಿದೆ. ಕಂಪ್ಯೂಟರಿನಲ್ಲಿ ಚಿತ್ರ ಬದಲಿಸುವ ವೇಗ ಅರವತ್ತರಲ್ಲೇ ನಿಂತಿತ್ತು. ಮಸುಕು ಬಂದದ್ದು ಅದರಿಂದ. ಮಾನಿಟರಿನ ಮೆನುವಿನಲ್ಲಿ, ಪರದೆಯ ಚುಕ್ಕಿಗಳು ಬೇಗ ಬಣ್ಣ ಬದಲಿಸಲೆಂದು ತಳ್ಳುವ ಓವರ್‌ಡ್ರೈವ್ ತುತ್ತತುದಿಗೆ ಏರಿತ್ತು. ಬಾಲ ಹುಟ್ಟಿದ್ದು ಅದರಿಂದ. ವೇಗವನ್ನು ನೂರ ನಲವತ್ತನಾಲ್ಕಕ್ಕೆ ಏರಿಸಿದೆ, ಓವರ್‌ಡ್ರೈವನ್ನು ನಡುವಿಗೆ ಇಳಿಸಿದೆ. ಓಡುವ ಫಲಕಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ಹೆಂಡತಿಗೆ ಕೇಳಿಸಿದೆ.

"ಅಂಗಡಿಯವ್ರೇ ಹೇಳ್ಲಿ, ಆಮೇಲೆ ಕೀಲಿ," ಎಂದಳು.

ಅಂಗಡಿಯವರೇ, ಅದೇ ಫೋನಿನಲ್ಲಿ, ನಕ್ಕಷ್ಟೇ ಗಟ್ಟಿಯಾಗಿ, ತಪ್ಪು ನನ್ನ ಕಣ್ಣಿನದಲ್ಲ ಎಂದು ಯಾವಾಗ ಹೇಳುತ್ತೀರಿ?