ಬ್ಯಾರನ್ ಗೋಡೆಯ ಪಕ್ಕದ ಹೋರಿ

ನಾನು ಚಿಕ್ಕವಳಿದ್ದಾಗ ಮಳೆಗಾಲದಲ್ಲಿ ನಮ್ಮೂರಿನ ಅತಿ ಬೆಚ್ಚಗಿನ ಜಾಗವೆಂದರೆ ನಮ್ಮ ಹೊಗೆಸೊಪ್ಪಿನ ಬ್ಯಾರನ್ನಿನ ಗೋಡೆ. ಪಿರಿಯಾಪಟ್ಟಣದ ಕಡೆ ಹೊಲವಿದ್ದವರು ಇಂಥ ಬ್ಯಾರನ್ ಕಟ್ಟಿಕೊಳ್ಳುತ್ತಿದ್ದರು. ಅದು ಕಿಟಕಿಯಿಲ್ಲದ, ಎತ್ತರದ ಮಣ್ಣಿನ ಕೋಣೆ. ಒಳಗೆ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ ಸಾಲುಸಾಲಾಗಿ ನೇತುಹಾಕುವುದು, ಕೆಳಗೆ ಒಲೆಯಲ್ಲಿ ದಿಮ್ಮಿಗಳನ್ನು ಉರಿಸಿ ಆ ಎಲೆ ಹಳದಿಯಾಗುವವರೆಗೆ ಬೇಯಿಸುವುದು. ಹೊರಗೆ ಜಡಿಮಳೆ ಹಿಡಿದಾಗ ಅಕ್ಕನೂ ನಾನೂ ಒದ್ದೆ ಲಂಗದಲ್ಲೇ ಬಂದು ಆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆವು. ಬೆನ್ನಿನಿಂದ ಆವಿ ಏಳುತ್ತಿತ್ತು. ಬೆಂದ ಎಲೆಯ ಸಿಹಿ ಘಾಟು ನಮ್ಮ ಜಡೆಯಲ್ಲಿ ಸೇರಿಕೊಂಡು ಶಾಲೆಯವರೆಗೂ ಬರುತ್ತಿತ್ತು.

ಆ ಗೋಡೆಗೆ ತಗುಲಿದಂತೆ ಅಪ್ಪ ಹೆಂಚಿನ ಇಳಿಜಾರು ಚಾವಣಿ ಹಾಕಿ, ಅದರ ಕೆಳಗೆ ನಮ್ಮ ಹೋರಿಯನ್ನು ಕಟ್ಟಿದ್ದರು. ಹಸುಗಳು ಸೋರುವ ಕೊಟ್ಟಿಗೆಯಲ್ಲಿದ್ದವು. ಒಣಗಿದ, ಬೆಚ್ಚಗಿನ ಜಾಗ ಹೋರಿಯದು.

ಅದು ನಮ್ಮ ಮನೆಯ ಸೀಮೆ ಹಸುವಿಗೆ ಹುಟ್ಟಿದ್ದು. ವಿದೇಶದ ತಳಿಯೂ ನಮ್ಮ ನಾಡ ತಳಿಯೂ ಬೆರೆತ ಹಸುವನ್ನು ನಾವು ಸೀಮೆ ಹಸು ಅನ್ನುತ್ತಿದ್ದೆವು. ಹೋರಿಯ ಮೈ ಕಪ್ಪು, ಹೊಟ್ಟೆಯ ಕೆಳಗೆ ಮಾತ್ರ ಬಿಳಿ. ಅದರ ತಾಯಿ ಬಿಂದಿಗೆ ತುಂಬ ಹಾಲು ಕರೆಯುತ್ತಿದ್ದುದರಿಂದ ಇದರ ಕರುಗಳೂ ಹಾಗೇ ಕರೆಯುತ್ತವೆಂದು ಊರಿಗೆಲ್ಲ ನಂಬಿಕೆ. ಹಸು ಬೆದೆಗೆ ಬಂದಾಗ ಜನ ಅದನ್ನು ನಮ್ಮ ಹೋರಿಯ ಬಳಿಗೆ ಹಿಡಿದು ತರುತ್ತಿದ್ದರು. ಅಪ್ಪ ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ಹೊರೆ ಹುಲ್ಲು, ಒಂದು ಅಚ್ಚು ಬೆಲ್ಲ ಇಟ್ಟು ಹೋದರೆ ಆಯಿತು. ಬೆಲ್ಲದಲ್ಲಿ ಅರ್ಧ ಹೋರಿಗೆ, ಅರ್ಧ ನಮಗೆ.

ಮೊದಲ ವರ್ಷ ಊರಿನಲ್ಲಿ ಅದರ ಕೆಲವು ಕರುಗಳು ಹುಟ್ಟಿದವು. ಆಮೇಲೆ ಹೋರಿ ಬ್ಯಾರನ್ ಪಕ್ಕಕ್ಕೆ ಬಂತು. ಆಮೇಲೆ ಕರುಗಳು ಹುಟ್ಟಲಿಲ್ಲ.

ಇದನ್ನು ಹೀಗೆ ಒಂದರ ಪಕ್ಕ ಒಂದಿಟ್ಟು ಹೇಳುವುದು ಈಗ ಸುಲಭ. ಆಗ ಯಾರಿಗೂ ಹೊಳೆಯಲಿಲ್ಲ. ಹೋರಿಗೆ ಬಿಟ್ಟ ಹಸು ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂದರೆ ಜನ ಹಸುವನ್ನೇ ನೋಡುತ್ತಿದ್ದರು. ಮೇವು ಸಾಲದು ಅಂದರು, ದೃಷ್ಟಿಯಾಗಿದೆ ಅಂದರು, ಕೊನೆಗೆ ಗೊಡ್ಡು ಅಂದರು. ಹಸು ಕರು ಹಾಕದಿದ್ದರೆ ಹಾಲಿಲ್ಲ. ಹಾಲಿಲ್ಲದ ಹಸುವನ್ನು ಸಾಕಲಾಗದವರು ದನದ ವ್ಯಾಪಾರಿಗೆ ಹೇಳಿ ಕಳಿಸುತ್ತಿದ್ದರು. ಪಕ್ಕದ ಮನೆಯ ದೊಡ್ಡವ್ವ ಹಾಗೆ ಹೇಳಿ ಕಳಿಸಿದ್ದಳು. ಅವಳಿಗೆ ಇದ್ದುದೇ ಒಂದು ಕೆಂದ ಹಸು. ಅದರ ಹಾಲಿನಿಂದಲೇ ಅವಳ ಒಲೆ ಉರಿಯುತ್ತಿತ್ತು.

ವ್ಯಾಪಾರಿಯ ಟೆಂಪೊ ಬಂದ ದಿನವೇ ನಮ್ಮೂರ ಡೈರಿಯ ಮುಂದೆ ಬರಡು ರಾಸುಗಳ ಶಿಬಿರವಿತ್ತು. ಪಶು ಡಾಕ್ಟರು ಜೀಪಿನಲ್ಲಿ ಬಂದಿದ್ದರು. ಮಳೆ ಬಿಟ್ಟು ಹೊಳವಾಗಿತ್ತು. ಗಬ್ಬ ನಿಲ್ಲದ ಹಸುಗಳನ್ನೆಲ್ಲ ಸಾಲಾಗಿ ಕಟ್ಟಿದ್ದರು. ಡಾಕ್ಟರು ಭುಜದವರೆಗಿನ ಉದ್ದ ಕೈಗವಸು ತೊಟ್ಟು ಒಂದೊಂದನ್ನೇ ಪರೀಕ್ಷಿಸಿದರು. ಅವಸರ ಮಾಡಲಿಲ್ಲ. ಸಾಲಿನ ಕೊನೆಗೆ ಬಂದು ಕೈ ತೊಳೆದುಕೊಳ್ಳುತ್ತಾ, "ಒಂದೆರಡು ಬಿಟ್ರೆ ಎಲ್ಲಾ ಚೆನ್ನಾಗವೆ. ಇವನ್ನೆಲ್ಲ ಯಾವ ಹೋರಿಗೆ ಬಿಟ್ಟಿದ್ರಿ?" ಎಂದು ಕೇಳಿದರು.

ಒಬ್ಬ ತನ್ನ ಹಸುವಿನ ಕಿವಿಯಿಂದ ಉಣ್ಣೆ ಹುಳ ಕೀಳತೊಡಗಿದ. ಎಲ್ಲರಿಗೂ ಉತ್ತರ ಗೊತ್ತಿತ್ತು. ಅಪ್ಪನ ಮುಖ ನೋಡಿ ಹೇಳುವುದು ಯಾರಿಗೂ ಬೇಡವಾಗಿತ್ತು. ದೊಡ್ಡವ್ವನ ಹಸು ಆ ಸಾಲಿನಲ್ಲಿ ಇರಲೇ ಇಲ್ಲ. ಅದನ್ನು ಆಗಲೇ ಹಲಗೆಯ ಮೇಲೆ ನಡೆಸಿ ಟೆಂಪೊಗೆ ಹತ್ತಿಸುತ್ತಿದ್ದರು. ಅದು ಮುಂಗಾಲೂರಿ ನಿಂತುಬಿಟ್ಟಿತ್ತು.

"ನಮ್ಮ ಹೋರಿಗೇ ಸಾ" ಅಂದರು ಅಪ್ಪ.

"ಅಷ್ಟೂನಾ?"

"ಅಷ್ಟೂನೂವೆ."

ಹಾಗೆಂದವರೇ ಅಪ್ಪ ಟೆಂಪೊ ಕಡೆ ನಡೆದರು. "ಅವ್ವನ ಹಸ ಇಳ್ಸಪ್ಪ."

ವ್ಯಾಪಾರಿ ನಕ್ಕ. "ಮಾತು ಮುಗ್ದೈತೆ ಕಣ್ ಯಜಮಾನ್ರೆ. ಗೊಡ್ಡು ಹಸೀನ ಕಟ್ಕಂಡು ಏನ್ ಪೂಜೆ ಮಾಡೀರಾ?"

"ಮೊದ್ಲು ನನ್ನ ಹೋರಿ ನೋಡ್ಲಿ ಡಾಕ್ಟ್ರು. ಅದು ಸರಿಗಿದ್ರೆ ಹತ್ತುಸ್ಕೊ. ಅಲ್ಲೀಗಂಟ ಇಳ್ಸು."

ದೊಡ್ಡವ್ವ ಹೋಗಿ ಹಗ್ಗ ಕಿತ್ತುಕೊಂಡಳು. "ಹೆಣ್ ಜೀವದ್ ಮ್ಯಾಲೇ ಮೊದ್ಲು ಬೆಟ್ಟು ತೋರ್ಸದು ನೀವು" ಎಂದು ವ್ಯಾಪಾರಿಗೋ ಊರಿಗೋ ತಿಳಿಯದಂತೆ ಅಂದಳು.

ಡಾಕ್ಟರು ನಮ್ಮ ಮನೆಗೆ ಬಂದರು, ಹಿಂದೆಯೇ ಊರವರೂ ಬಂದರು. ಮಕ್ಕಳನ್ನೆಲ್ಲ ಆಚೆ ಕಳಿಸಿ ಹೋರಿಯಿಂದ ಬೀಜದ ಒಂದು ತೊಟ್ಟು ತೆಗೆದುಕೊಂಡರು. ಜೀಪಿನಿಂದ ಸೂಕ್ಷ್ಮದರ್ಶಕ ತಂದು ಜಗಲಿಯ ಮೇಲೆ ಬಿಸಿಲಿಗೆ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನಿಗೆ ತೋರಿಸಿದರು. ಅಪ್ಪ ಪಕ್ಕಕ್ಕೆ ಸರಿದಾಗ, ಆಚೆ ನಿಂತಿದ್ದ ನಾನು ನುಗ್ಗಿ ಕಣ್ಣಿಟ್ಟೆ. ಮಂಕು ಬೆಳಕಿನ ವೃತ್ತದಲ್ಲಿ ಬಾಲವಿದ್ದ ಸಣ್ಣ ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಬಿದ್ದಿದ್ದವು. ಒಂದು ಮಾತ್ರ ನಿಂತಲ್ಲೇ ನಡುಗುತ್ತಿತ್ತು.

"ಸಂತೇಲಿ ಜನ ನುಗ್ಗಾಡ್ತಾರಲ್ಲ, ಅಂಗಿರ್ಬೇಕು ಇದು" ಎಂದು ಡಾಕ್ಟರು ನನಗೇ ಹೇಳಿದರು. "ಇಲ್ಲಿ ಸಂತೆ ಮುಗ್ದೇ ಹೋಗ್ಯದೆ."

ಗುಂಪಿನಲ್ಲಿದ್ದ ಒಬ್ಬ, "ಮೈ ನೋಡುದ್ರೆ ಆನೆ. ತಿಂದ ಬೆಲ್ಲ ಎಲ್ಲೋಯ್ತೋ" ಅಂದ. ಒಂದಿಬ್ಬರು ನಕ್ಕು, ಅಪ್ಪನ ಕಡೆ ನೋಡಿ ಹಿಂದಕ್ಕೆ ಸರಿದರು.

ಹೋರಿಯನ್ನು ಎಲ್ಲಿ ಕಟ್ಟುತ್ತೀರಿ ಎಂದು ಡಾಕ್ಟರು ಕೇಳಿದಾಗ ಅಪ್ಪ ಬ್ಯಾರನ್ ಪಕ್ಕದ ಇಳಿಜಾರು ತೋರಿಸಿದರು. ಒಳಗೆ ಎಲೆ ಬೇಯುತ್ತಿತ್ತು. ಡಾಕ್ಟರು ಗೋಡೆಗೆ ಅಂಗೈ ಇಟ್ಟು, ಬೇಗನೆ ತೆಗೆದರು. ಹೋರಿಗೆ ಹೆಚ್ಚು ಶಾಖ ಆಗದು, ಬೀಜ ಸಾಯುತ್ತದೆ ಎಂದರು. ಆದರೆ ಇದೊಂದೇ ಕಾರಣವೆಂದು ತಾನು ಹೇಳಲಾರೆ ಎಂದೂ ಸೇರಿಸಿದರು. ಬೆರಕೆ ತಳಿಯ ಹೋರಿಗಳಲ್ಲಿ ಬಹಳವು ಹೀಗೇ ಆಗುತ್ತವಂತೆ. ಎಷ್ಟು ಚೆನ್ನಾಗಿ ಸಾಕಿದರೂ ಕೆಲವದರ ಬೀಜ ಗಟ್ಟಿಯಾಗುವುದಿಲ್ಲ. ದೊಡ್ಡ ಫಾರಮ್ಮುಗಳಲ್ಲೂ ಅಂಥವನ್ನು ಆರಿಸಿ ತೆಗೆದುಬಿಡುತ್ತಾರಂತೆ. ನೆರಳಲ್ಲಿ ಕಟ್ಟಿ ಮೂರು ತಿಂಗಳು ನೋಡಿ, ಅಲ್ಲಿಯವರೆಗೆ ಯಾವ ಹಸುವನ್ನೂ ಬಿಡಬೇಡಿ ಎಂದು ಹೇಳಿ ಹೊರಟರು.

ಎಲ್ಲರೂ ಹೋದ ಮೇಲೆ ಅಪ್ಪ ಬಂದು ಅದೇ ಗೋಡೆಗೆ ಕೈಯಿಟ್ಟರು. ಡಾಕ್ಟರಂತೆ ತೆಗೆಯಲಿಲ್ಲ. ಅಕ್ಕ ಹೋಗಿ ಮಣಿಕಟ್ಟು ಹಿಡಿದು ಎಳೆಯಬೇಕಾಯಿತು.

ಹೋರಿ ಹೊಂಗೆ ಮರದ ಕೆಳಗೆ ಬಂತು. ಅಪ್ಪ ದಿನಾ ಅದರ ಮೈಗೆ ತಣ್ಣೀರು ಎರಚಿದರು. ಅವಧಿ ಮುಗಿದ ಮೇಲೆ ಡಾಕ್ಟರು ಮತ್ತೆ ಬಂದು ಗಾಜಿನ ಮೇಲೆ ಮತ್ತೊಂದು ತೊಟ್ಟು ನೋಡಿ ಇಲ್ಲವೆಂದು ತಲೆ ಅಲ್ಲಾಡಿಸಿದರು.

ಉಳುವುದಕ್ಕಾದರೂ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನನ್ನ ಮೊಮ್ಮಕ್ಕಳಾದ ನೀವು ಕೇಳಬಹುದು. ಅಕ್ಕನೂ ಹಾಗೇ ಕೇಳಿದಳು. ಅಪ್ಪ ಅದನ್ನೂ ನೋಡಿದರು. ನಾಟಿ ಎತ್ತಿಗೆ ಹೆಗಲ ಮೇಲೆ ಎದ್ದ ಹಿಣಿಲು ಇರುತ್ತದೆ, ನೊಗ ಅದಕ್ಕೆ ಆನಿಕೊಂಡು ಕೂರುತ್ತದೆ. ನಮ್ಮ ಹೋರಿಯ ಬೆನ್ನು ಹಲಗೆಯ ಹಾಗೆ ಸಪಾಟು. ನೊಗ ಜಾರುತ್ತಿತ್ತು. ಬಿಸಿಲೇರುವ ಮೊದಲೇ ಅದು ನಾಲಿಗೆ ಚಾಚಿ, ಏದುಸಿರು ಬಿಡುತ್ತಾ ಸಾಲಿನಲ್ಲೇ ಮಲಗಿಬಿಟ್ಟಿತು. ಒಂದು ಹೋರಿಗೆ ಬೇಕಾದ ಹುಲ್ಲಿನಲ್ಲಿ ಎರಡು ಹಸು ಬದುಕುತ್ತಿದ್ದವು.

ಅದೇ ವ್ಯಾಪಾರಿಯ ಟೆಂಪೊ ಬಂತು. ದೊಡ್ಡವ್ವನ ಹಸು ಹತ್ತಲಾರೆನೆಂದು ಮುಂಗಾಲೂರಿತ್ತು. ಹೋರಿ ಹಾಗೆ ಮಾಡಲಿಲ್ಲ. ಅಪ್ಪ ಮೂಗುದಾರ ಹಿಡಿದು ಮುಂದೆ ನಡೆದರು, ಅದು ಅಪ್ಪನ ಹಿಂದೆ ಹಲಗೆ ಹತ್ತಿತು. ಟೆಂಪೊದಿಂದ ಇಳಿದು ಬಂದವರು ಅಪ್ಪ ಒಬ್ಬರೇ. ಅದು ಎಲ್ಲಿಗೆ ಹೋಯಿತೆಂದು ಅವರು ಹೇಳಲಿಲ್ಲ. ನನಗೆ ಊಹೆಯಿತ್ತು, ಕೇಳಲಿಲ್ಲ. ದೊಡ್ಡವ್ವನ ಹಸುವಿಗೆ ದನದ ಆಸ್ಪತ್ರೆಯಲ್ಲಿ ಬೀಜದ ಇಂಜೆಕ್ಷನ್ನಿನಿಂದ ಗಬ್ಬ ನಿಂತು, ಮುಂದಿನ ಮುಂಗಾರಿಗೆ ಅದು ಹೆಣ್ಣು ಕರು ಹಾಕಿತು. ಅವಳು ಗಿಣ್ಣು ತಂದುಕೊಟ್ಟಾಗ ಅಪ್ಪ ಎಲ್ಲರ ಜೊತೆ ಕೂತು ತಿಂದರು. ಆಮೇಲೆ ನಮ್ಮ ಮನೆಯಲ್ಲಿ ಹೋರಿ ಸಾಕಲಿಲ್ಲ.

ನಮಗೆ ಬೇಗ ಮದುವೆ ಮಾಡುತ್ತಿದ್ದರು. ಹಾಗಾಗಿ ತಲೆ ನರೆಯುವ ಮೊದಲೇ ನಾನು ನಿಮಗೆ ಅಜ್ಜಿಯಾದೆ. ಅಷ್ಟರಲ್ಲೇ ಎಷ್ಟು ಬದಲಾಗಿದೆ ನೋಡಿ. ನಿಮ್ಮ ಮನೆಯ ಹಸು ಬೆದೆಗೆ ಬಂದರೆ ಫೋನು ಮಾಡುತ್ತೀರಿ. ಬೈಕಿನಲ್ಲಿ ಒಬ್ಬರು ಸ್ಟೀಲ್ ಕ್ಯಾನ್ ಕಟ್ಟಿಕೊಂಡು ಬರುತ್ತಾರೆ. ಮುಚ್ಚಳ ತೆಗೆದರೆ ಬಿಳಿ ಹೊಗೆಯಂಥ ತಣ್ಣನೆ ಆವಿ ಹರಿಯುತ್ತದೆ, ಅದರೊಳಗಿಂದ ಒಂದು ತೆಳ್ಳನೆ ಕಡ್ಡಿ ಬರುತ್ತದೆ. ಎಲ್ಲೋ ದೂರದಲ್ಲಿ, ಫ್ಯಾನಿನ ಕೆಳಗೆ ನಿಂತ, ಹತ್ತು ಸಲ ಪರೀಕ್ಷೆಯಾದ ಹೋರಿಯೊಂದರ ಬೀಜ ಅದರಲ್ಲಿದೆ. ಹೆಣ್ಣು ಕರುವೇ ಹುಟ್ಟುವಂತೆ ಆರಿಸಿದ ಕಡ್ಡಿಯೂ ಈಗ ಬಂದಿದೆ. ಹಸುಗಳಿಗೆ ಇದು ಒಳ್ಳೆಯದು, ದೊಡ್ಡವ್ವನಂಥವರಿಗೂ ಒಳ್ಳೆಯದು. ನಿಮ್ಮೂರಲ್ಲಿ ಯಾರೂ ಹೋರಿಯನ್ನು ಟೆಂಪೊ ಹತ್ತಿಸಬೇಕಾಗಿಲ್ಲ, ಹತ್ತಿಸಲು ಹೋರಿಯೇ ಇಲ್ಲ.

ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಚಿತ್ರ ಬರೆದು ತಂದಳು. ಹಸು, ಅದರ ಕರು, ಪಕ್ಕದಲ್ಲಿ ಕ್ಯಾನ್ ಕಟ್ಟಿದ ಬೈಕು. ಇದೇನು ಎಂದು ಬೈಕು ತೋರಿಸಿದರೆ, "ಕರುವಿನ ಅಪ್ಪ" ಅಂದಳು. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಆಮೇಲೆ ಅವಳ ಪೆನ್ಸಿಲ್ ಇಸಿದುಕೊಂಡು ಆ ಬೈಕಿನ ಪಕ್ಕ ಕಪ್ಪು ಮೈಯ, ಬಿಳಿ ಹೊಟ್ಟೆಯ ಒಂದು ಹೋರಿ ಬರೆದೆ. ಇದ್ಯಾರಜ್ಜಿ ಎಂದು ನೀವೆಲ್ಲ ಒಟ್ಟಿಗೆ ಕೇಳಿದಿರಿ.